ಹಗಲಿನ ಅಂಗಿ

೧೯೭೭ರ ಜೂನಿನಲ್ಲಿ ನನಗೆ ಹುನಗುಂದದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಯಿತು. ಬಾಡಿಗೆಗೆ ಒಂದು ಕೋಣೆ ಬೇಕಾಗಿತ್ತು. ಯಾರೋ ಹೊಳಬಸಪ್ಪನವರ ಮನೆ ತೋರಿಸಿದರು. ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ನಲವತ್ತು ದಾಟಿದ, ಎತ್ತರದ, ಬತ್ತಿದ ಕೆನ್ನೆಯ ಒಬ್ಬರು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಬಾಯಲ್ಲಿ ಒಂದು ಕರಿಯ ಕೊಳವೆ. ಅದನ್ನು ಸಣ್ಣದಾಗಿ ಊದುತ್ತ ಹೋಗುವುದು, ಗೋಡೆ ಬಂದೊಡನೆ ಹಿಮ್ಮಡಿಯ ಮೇಲೆ ತಟ್ಟನೆ ತಿರುಗುವುದು, ಮತ್ತೆ ಈ ಕಡೆ ಬರುವುದು. ನನ್ನನ್ನು ಕಂಡರೂ ಮೂರು ಸುತ್ತು ಮುಗಿಸಿಯೇ ನಿಂತರು.

"ಕೋಣಿ ಐತ್ರಿ. ಆದ್ರ ನಾ ಹಿಂಗ ಅಡ್ಡಾಡ್ತಿರ್ತೇನಿ. ಮೊದಲ ಹೇಳಿಬಿಡ್ತೇನಿ, ಆಮ್ಯಾಲ ತ್ರಾಸ ಅನಬಾರದು."

ಅವರ ಹೆಂಡತಿ ಗುರುಸಿದ್ದವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಬರ್ರಿ ಬಾಯಾರ, ಒಳಗ ಬರ್ರಿ. ಮಗಳು ಗಂಡನ ಮನಿಗೆ ಹೋದಾಗಿಂದ ಕೋಣಿ ಖಾಲೀನ ಬಿದ್ದೈತಿ. ಇವರು ಕೂಡೂದು ಉಣ್ಣಾಕ ಅಷ್ಟ. ಅದೂ ಅರ್ಧಾ ಊಟಕ್ಕ ಎದ್ದಬಿಡ್ತಾರ."

ನಾನು ಅಲ್ಲಿ ಆರು ವರ್ಷ ಇದ್ದೆ. ಆ ಮಾತು ಸುಳ್ಳಲ್ಲವೆಂದು ಮೊದಲ ವಾರದಲ್ಲೇ ಗೊತ್ತಾಯಿತು.

ಹೊಳಬಸಪ್ಪನವರದು ಕಲಾದಗಿಯ ಕಡೆಯ ಒಕ್ಕಲು ಮನೆತನ. ಹತ್ತೊಂಬತ್ತನೆಯ ವಯಸ್ಸಿಗೆ ಬೆಳಗಾವಿಗೆ ಹೋಗಿ ದಂಡಿಗೆ ಸೇರಿದರು. ಉಸಿರು ಗಟ್ಟಿಯಿದೆಯೆಂದು ಅವರನ್ನು ಬ್ಯಾಂಡಿಗೆ ಹಾಕಿದರಂತೆ. ಹದಿನೈದು ವರ್ಷ ಅಲ್ಲಿ ಪೈಪು ಊದಿದರು. ಪೈಪೆಂದರೆ ಎಡಗಂಕುಳಲ್ಲಿ ಒಂದು ತೊಗಲಿನ ಚೀಲ, ಅದಕ್ಕೆ ಗಾಳಿ ತುಂಬಲು ಒಂದು ಕೊಳವೆ, ಬೆರಳಾಡಿಸಲು ಕೆಳಗೊಂದು, ಹೆಗಲ ಮೇಲೆ ಹಾಯ್ದು ನಿಲ್ಲುವ ಮತ್ತೆ ಮೂರು. ಹುನಗುಂದದವರು ಅದನ್ನು ಚೀಲದ ಪುಂಗಿ ಎನ್ನುತ್ತಿದ್ದರು. ಅಂಗಳದಲ್ಲಿ ನಾನು ಕಂಡ ಕರಿಯ ಕೊಳವೆ ಅದರ ಅಭ್ಯಾಸಕ್ಕೆ. ಅದನ್ನು ಊದುವವರಿಗೆ ದಂಡಿನಲ್ಲಿ ಬೇರೆಯದೇ ಪೋಷಾಕು: ಸ್ಕಾಟ್ಲೆಂಡಿನ ಗಂಡಸರು ಉಡುವಂಥ ಕಿಲ್ಟು. ಮೊಣಕಾಲಿನವರೆಗೆ ಬರುವ ದಪ್ಪ ಉಣ್ಣೆ, ಕಡುಹಸಿರು ನೀಲಿ ಚೌಕಡಿ, ನಡುವೆ ತೆಳುವಾದ ಕೆಂಪು ಗೆರೆ, ಮುಂದೆ ಸಪಾಟು, ಹಿಂದೆಲ್ಲ ನಿರಿಗೆ. ಸರಕಾರಿ ಬಟ್ಟೆಯನ್ನೆಲ್ಲ ಹೊಳಬಸಪ್ಪನವರು ಬಿಟ್ಟುಬರುವಾಗ ಎಣಿಸಿಕೊಟ್ಟಿದ್ದರು. ಆದರೆ ಅವರಿಗೆ ವಿದ್ಯೆ ಕಲಿಸಿದ ಉಸ್ತಾದರು ತಾವು ನಿವೃತ್ತರಾಗುವಾಗ, ಸ್ವಂತಕ್ಕೆಂದು ಹೊಲಿಸಿಕೊಂಡಿದ್ದ ಒಂದು ಕಿಲ್ಟನ್ನೂ ಹಳೆಯ ಪೈಪನ್ನೂ ಈ ಶಿಷ್ಯನ ಕೈಗೆ ಹಾಕಿ ಹೋಗಿದ್ದರು. ಅವೆರಡೂ ಹುನಗುಂದದ ಮನೆಯ ಟ್ರಂಕಿನಲ್ಲಿದ್ದವು. ಕಿಲ್ಟಿನ ಪದರುಗಳಲ್ಲಿ ಗುರುಸಿದ್ದವ್ವ ವರ್ಷಕ್ಕೆರಡು ಸಲ ಬೇವಿನ ಸೊಪ್ಪು ಬದಲಿಸುತ್ತಿದ್ದರು.

ಊರಿಗೆ ಬಂದಮೇಲೆ ಅವರಿಗೆ ಸರಕಾರಿ ಕಚೇರಿಯೊಂದರಲ್ಲಿ ಪಟ್ಟೇವಾಲಾ ಕೆಲಸ ಸಿಕ್ಕಿತ್ತು. ಸಾಹೇಬರು ಗಂಟೆ ಒತ್ತುವ ಮೊದಲೇ ಎದ್ದು ನಿಂತಿರುತ್ತಿದ್ದರು. ಸ್ಟೂಲು ಬರೀ ಹೆಸರಿಗೆ. ಪೈಪನ್ನು ವರ್ಷಕ್ಕೆರಡು ಬಾರಿ, ಝಂಡಾ ಏರಿಸುವ ದಿನ, ಕಚೇರಿಯ ಖಾಕಿಯಲ್ಲೇ ಊದುತ್ತಿದ್ದರು. ೧೯೭೮ರ ಜನವರಿ ಇಪ್ಪತ್ತಾರರಂದು ಹಾಗೆ ಊದಿದಾಗ ಇಳಕಲ್ಲಿನ ಸೀರೆ ವ್ಯಾಪಾರಿ ಅಂದಪ್ಪನವರು ಅಲ್ಲಿದ್ದರು. ಮರುವಾರ ಅವರು ಮನೆಗೇ ಬಂದರು. ಮೇ ತಿಂಗಳಲ್ಲಿ ಮಗಳ ಮದುವೆ. ಬಾಗಲಕೋಟೆಯಿಂದ ಬರುವ ಬೀಗರನ್ನು ಊರ ಅಗಸಿ ಬಾಗಿಲಿನಿಂದ ಮನೆಯವರೆಗೆ ಕರೆತರುವಾಗ ಮುಂದೆ ಈ ವಾದ್ಯ ಬೇಕು ಎಂದರು. ಮಾತಾಡುತ್ತ ಗೋಡೆಯ ಮೇಲಿನ ಫೋಟೋ ನೋಡಿದರು. ಕಿಲ್ಟು ಉಟ್ಟ ಎಂಟು ಜನರ ಸಾಲಿನಲ್ಲಿ ಮೂರನೆಯವರು ಹೊಳಬಸಪ್ಪ.

"ಈ ಪೋಷಾಕಿನಾಗ ಬರಬೇಕ್ರಿ ನೀವು. ಖಾಕಿ ಬ್ಯಾಡ."

"ಕಿಲ್ಟು ಐತ್ರಿ. ಮ್ಯಾಲಿನ ಕೋಟು ಸರಕಾರದ್ದು, ಕೊಟ್ಟ ಬಂದೇನಿ."

"ಮ್ಯಾಲ ಯಾವದರ ಚಲೋ ಅಂಗಿ ಹಾಕ್ಕೊಂಡ ಬರ್ರೆಲಾ. ಅದು ನಿಮಗ ಬಿಟ್ಟದ್ದು."

ಅಂದಪ್ಪನವರು ಚಹಾ ಕುಡಿದು ಹೋದರು. ಆ ಸಂಜೆ ಹೊಳಬಸಪ್ಪನವರ ನಡಿಗೆ ನಿಲ್ಲಲೇ ಇಲ್ಲ. ನಾನು ಕಟ್ಟೆಯ ಮೇಲೆ ಕುಳಿತು ಮಕ್ಕಳ ನೋಟುಪಟ್ಟಿ ತಿದ್ದುತ್ತಿದ್ದೆ. ಎಷ್ಟೋ ಸುತ್ತಿನ ಮೇಲೆ ನನ್ನೆದುರು ನಿಂತರು.

"ನಿಮಗ ಬಿಟ್ಟದ್ದು ಅಂದ್ರಲ್ರಿ ಅವರು."

"ಹೌದಲ್ರಿ, ಅದಕ್ಕೇನಾತು?"

"ಬಾಯಾರ, ದಂಡಿನ್ಯಾಗ ಹಗಲಿಗೆ ಒಂದು ಪೋಷಾಕು, ರಾತ್ರಿ ಊಟದ ಹೊತ್ತಿಗೆ ಒಂದು. ಯಾವಾಗ ಯಾವುದು ಅಂತ ಆರ್ಡರ ಬರ್ತಿತ್ತು. ಹಾಕ್ಕೊಂಡು ಸಾಲಿನ್ಯಾಗ ನಿಂತ್ರ ಮುಗೀತು. ರಾತ್ರಿ ಆಗಿದ್ರ ಚಿಂತಿ ಇದ್ದಿಲ್ಲ, ಗ್ಯಾಸಬತ್ತಿ ಬೆಳಕಿನ್ಯಾಗ ಯಾವ ಕರೀ ಕೋಟು ಹಾಕಿದ್ರೂ ನಡೀತೈತಿ. ಇದು ಹಗಲು ಹನ್ನೊಂದು ಗಂಟಿ. ಒಂದ ದಾರ ಸಡ್ಲಾದ್ರೂ ಕಾಣತೈತಿ."

ಒಂದು ಅಂಗಿಗೆ ಇಷ್ಟೇಕೆ ಎಂದು ನನಗೆ ನಗು ಬಂದಿತ್ತು. ಅವರ ಮುಖ ನೋಡಿ ಮತ್ತೆ ಪಟ್ಟಿಗೆ ಬಗ್ಗಿದೆ.

ಮುಂದಿನ ಭಾನುವಾರ ಟ್ರಂಕು ತೆರೆಯಿತು. ಕಿಲ್ಟು ಉಟ್ಟು, ಮೇಲೆ ಕಚೇರಿಯ ಖಾಕಿ ಅಂಗಿಯನ್ನೇ ತೊಟ್ಟು, ಕನ್ನಡಿಯೆದುರು ಒಂದು ನಿಮಿಷ ನಿಂತು ಕಳಚಿಬಿಟ್ಟರು. ಸಾಹೇಬರು ಕಳಿಸಿದ್ದಕ್ಕೆ ಮದುವೆಗೆ ಬಂದಂತೆ ಕಾಣುತ್ತದೆ ಎಂದರು. ಅಲ್ಲಿಂದ ನೇರವಾಗಿ ದರ್ಜಿ ಅಹ್ಮದಸಾಬರ ಅಂಗಡಿಗೆ ಹೋಗಿ ಬಿಳಿ ಪಾಪ್ಲಿನ್ನಿನ ಕಾಲರ್ ಅಂಗಿಗೆ ಅಳತೆ ಕೊಟ್ಟು ಬಂದರು. ಅಹ್ಮದಸಾಬರು ಊರಿನ ಹಿರಿಯ ದರ್ಜಿ. ಕೋರ್ಟಿನ ವಕೀಲರ ಕರಿಕೋಟೆಲ್ಲ ಅವರ ಕೈಯವೇ. ಅಂಗಿ ಚೆನ್ನಾಗಿಯೇ ಬಂತು. ಟೈ ಕಟ್ಟಿಕೊಂಡು ಅಂಗಳದಲ್ಲಿ ನಿಂತಾಗ ಗುರುಸಿದ್ದವ್ವ ಸಹ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದರು. ಪೈಪು ಎತ್ತಿಕೊಂಡು, ಚೀಲಕ್ಕೆ ಗಾಳಿ ತುಂಬಿ, ಎಡಮೊಣಕೈಯಿಂದ ಒಮ್ಮೆ ಒತ್ತಿದ್ದಷ್ಟೇ, ಕಂಕುಳಲ್ಲಿ ಪರ್ರನೆ ಹರಿಯಿತು.

ಹರಿದ ಅಂಗಿ ಹಿಡಿದುಕೊಂಡು ಹೋದರೆ ಅಹ್ಮದಸಾಬರಿಗೆ ಸಿಟ್ಟು ಬಂತು. "ನಲವತ್ತು ವರ್ಷ ಆತು ಮಶೀನ ತುಳಿಯಾಕ ಹತ್ತಿ. ನನ್ನ ಹೊಲಿಗಿ ಬಿಟ್ಟಿಲ್ಲ."

"ಹೊಲಿಗಿ ಬಿಟ್ಟಿಲ್ರಿ, ಖರೆ. ಬಟ್ಟಿ ಹರದೈತಿ."

"ಅಂಗಿ ಹಾಕ್ಕೊಂಡು ಕಂಕುಳಾಗ ಕುಸ್ತಿ ಹಿಡದ್ರ ಹರೀದ ಏನ ಮಾಡತೈತಿ?"

ಆದರೂ ಇನ್ನೊಂದು ಹೊಲಿದುಕೊಟ್ಟರು, ತೋಳು ದೊಗಳೆ ಇಟ್ಟು. ಅದು ಹರಿಯಲಿಲ್ಲ. ಆದರೆ ಕೈ ಎತ್ತಿದಾಗಲೆಲ್ಲ ಅಂಗಿಯ ತುದಿ ಕಿಲ್ಟಿನ ಸೊಂಟದಿಂದ ಹೊರಬಂದು ಎಡಗಡೆ ಚೀಲದಂತೆ ಉಬ್ಬುತ್ತಿತ್ತು. ಆಮೇಲೆ ನೆಹರೂ ಶರ್ಟಿನ ಸರದಿ ಬಂತು. ನಮ್ಮ ಕಡೆ ದೋತರದ ಮೇಲೆ ಗೌಡರು, ಸಾವುಕಾರರು ಹಾಕುವ ಉದ್ದನೆಯ ಅಂಗಿ ಅದು. ಮೊಣಕಾಲಿನವರೆಗೆ ಇಳಿಬಿದ್ದು ಕಿಲ್ಟನ್ನು ಪೂರ್ತಿ ಮುಚ್ಚಿಬಿಟ್ಟಿತು. ಕೆಳಗೆ ನಾಲ್ಕು ಬೆರಳು ಚೌಕಡಿ ಮಾತ್ರ ಕಾಣುತ್ತಿತ್ತು. ಗುರುಸಿದ್ದವ್ವ ಬಹಳ ಹೊತ್ತು ತಡೆದುಕೊಂಡು ಕೊನೆಗೆ, "ಮ್ಯಾಲ ನಮ್ಮಪ್ಪ ಕಾಣಸ್ತಾನ, ಕೆಳಗ ನಮ್ಮ ತಂಗಿ" ಎಂದು ನಕ್ಕುಬಿಟ್ಟರು. ಹೊಳಬಸಪ್ಪನವರು ನಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದವರು ಊಟದ ಹೊತ್ತಿಗೂ ಬರಲಿಲ್ಲ.

ಫೆಬ್ರುವರಿ ಮುಗಿಯಿತು, ಮಾರ್ಚಿ ಬಂತು. ಕಚೇರಿಯಲ್ಲಿ ಅವರು ಒಬ್ಬರ ಕಾಗದ ಇನ್ನೊಬ್ಬರ ಮೇಜಿಗೆ ಇಟ್ಟು ಬೈಸಿಕೊಳ್ಳತೊಡಗಿದರು. ದಾರಿಯಲ್ಲಿ ಎದುರಾದವರ ಮುಖ ನೋಡುತ್ತಿರಲಿಲ್ಲ, ಕೊರಳು ನೋಡುತ್ತಿದ್ದರು. ಒಂದು ಭಾನುವಾರ ಸುಮ್ಮನೆ ಇಳಕಲ್ಲಿಗೆ ಹೋಗಿ ಬಂದರು. ಯಾಕೆ ಹೋಗಿದ್ದಿರಿ ಎಂದು ಕೇಳಿದೆ. ಹನ್ನೊಂದು ಗಂಟೆಗೆ ಅಂದಪ್ಪನವರ ಓಣಿಯಲ್ಲಿ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ನೋಡಿ ಬರಲು ಎಂದರು.

"ಒಂದು ನೆಳ್ಳಿಲ್ರಿ. ಎರಡೂ ಕಡೆ ಮಗ್ಗದ ಮನಿ, ಸುಣ್ಣದ ಗ್ವಾಡಿ. ಬಿಳೀ ಅಂಗಿ ಹಾಕಿದ್ರ ಕಣ್ಣಿಗೆ ಬಡೀತೈತಿ. ಬಣ್ಣದ್ದು ಹಾಕಿದ್ರ ಚೌಕಡಿ ಕೂಡ ಜಗಳಾ ಮಾಡತೈತಿ."

ನನ್ನ ತಂದೆ ಪಂಢರೀನಾಥರಾಯರು ಆಗ ಬಾದಾಮಿಯಲ್ಲಿದ್ದರು. ನಮ್ಮ ಅಜ್ಜನದೊಂದು ಬಾರಾಬಂದಿ ಮನೆಯಲ್ಲಿದೆಯೆಂದು ನನಗೆ ನೆನಪಾಯಿತು. ಗುಂಡಿಗಳಿಲ್ಲದ, ಎದೆಯ ಮೇಲೆ ಅಡ್ಡ ಹಾಯಿಸಿ ಹನ್ನೆರಡು ಕಸೆ ಕಟ್ಟುವ ಹಳೇ ಕಾಲದ ಅಂಗಿ ಅದು. ಗಿಡ್ಡವಾಗಿರುತ್ತದೆ, ಕಿಲ್ಟು ಮುಚ್ಚುವುದಿಲ್ಲ. ಹೊಳಬಸಪ್ಪನವರಿಗೆ ಹೇಳಿದ್ದೇ ತಪ್ಪಾಯಿತು. ಮರುದಿನವೇ ಹೋಗೋಣ ಎಂದು ಶುರು ಮಾಡಿದರು. ಅಂತೂ ಭಾನುವಾರದವರೆಗೆ ತಡೆದು ಮೊದಲ ಬಸ್ಸಿಗೆ ನಾವಿಬ್ಬರೂ ಗುರುಸಿದ್ದವ್ವನೂ ಬಾದಾಮಿಗೆ ಹೊರಟೆವು. ಪೈಪಿನ ಪೆಟ್ಟಿಗೆಯೂ ಜೊತೆಗಿತ್ತು.

ಅಪ್ಪ ಪೆಟ್ಟಿಗೆಯ ತಳದಿಂದ ಬಾರಾಬಂದಿ ತೆಗೆದು, ತಮ್ಮ ಕೈಯಿಂದಲೇ ಕಸೆ ಕಟ್ಟಿದರು. ಹೊಳಬಸಪ್ಪನವರು ಪಡಸಾಲೆಯಲ್ಲಿ ಪೈಪು ಹಿಡಿದು ನಿಂತರು. ಹರಿಯಲಿಲ್ಲ, ಉಬ್ಬಲಿಲ್ಲ. ಆದರೆ ಚೀಲ ಒತ್ತಿದಂತೆ ಎಡಗಡೆಯ ಕಸೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಪ್ಪ ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದವು. ಮೂರನೆಯ ಸಲಕ್ಕೆ ಒಂದು ಕಸೆ ಊದುವ ಕೊಳವೆಗೆ ತೊಡರಿತು.

ಅಪ್ಪ ಅದನ್ನು ಬಿಡಿಸುತ್ತ ಹೇಳಿದರು: "ಹೊಳಬಸಪ್ಪನವರ, ಇದು ಮಣೀ ಮ್ಯಾಲೆ ಕೂತು ಪಾರಾಯಣ ಮಾಡೋರ ಅಂಗಿ. ನಮ್ಮಪ್ಪ ಕೂತ್ರ ನಾಕ ತಾಸು ಏಳ್ತಿದ್ದಿಲ್ಲ. ನೀವು ನಡಿಯೋರು. ನಡಿಯೋರ ಅಂಗೀನ ಬ್ಯಾರೆ ಇರ್ತದ, ಅದನ್ನ ಹುಡಕ್ರಿ."

ಹಿಂದಿರುಗುವಾಗ ಶಿವಯೋಗ ಮಂದಿರದಲ್ಲಿ ಇಳಿದೆವು. ಗದ್ದುಗೆಗೆ ನಮಸ್ಕಾರ ಮಾಡಿ ಮುಂದಿನ ಬಸ್ಸಿಗೆ ಹೋಗುವುದೆಂದು ಗುರುಸಿದ್ದವ್ವ ಹೇಳಿದ್ದರು. ನಮಸ್ಕಾರ ಮುಗಿಸಿ ಮಲಪ್ರಭೆಯ ದಂಡೆಗೆ ಇಳಿದಾಗ ಅಲ್ಲಿ ಒಬ್ಬ ಗಾಡಿಯವ ಎತ್ತು ಮೈ ತೊಳೆಯುತ್ತಿದ್ದ. ವಯಸ್ಸಾದವ. ಕೈ ಮೇಲೆತ್ತಿ ಎತ್ತಿನ ಬೆನ್ನು ತಿಕ್ಕುತ್ತಿದ್ದ. ಹೊಳಬಸಪ್ಪನವರು ಮಾತಿನ ನಡುವೆಯೇ ನಿಂತುಬಿಟ್ಟರು. ಆಮೇಲೆ ಪಾದ ತೋಯ್ದರೂ ಲೆಕ್ಕಿಸದೆ ನೀರಿಗಿಳಿದು ಅವನ ಹತ್ತಿರ ಹೋದರು.

"ಅಣ್ಣಾ, ಇನ್ನೊಮ್ಮಿ ಕೈ ಮ್ಯಾಲ ಎತ್ತು."

ನಿಲುವು ನೋಡಿ ಪೊಲೀಸರೆಂದುಕೊಂಡನೋ ಏನೋ, ಅವ ಎರಡೂ ಕೈ ಎತ್ತಿದ. "ನಾ ಏನ ಮಾಡೇನ್ರಿ? ನಾ ಇಲ್ಲೇ ನಂದಿಕೇಶ್ವರದ ದೇವಪ್ಪ. ಎತ್ತು ನನ್ನವ."

"ಎತ್ತಿನ ಮಾತಲ್ಲೋ ಮಾರಾಯಾ. ಅಂಗಿ ನೋಡ್ತೇನಿ."

ಅದು ಮಾಂಜರಪಾಟದ ಒರಟು ಬಟ್ಟೆಯ ಅಂಗಿ. ಕಾಲರಿಲ್ಲ, ದುಂಡಗಿನ ಕೊರಳು, ಎದೆಯ ಅರ್ಧದವರೆಗೆ ಸೀಳು, ಅದನ್ನು ಬಿಗಿಯಲು ಒಂದು ದಾರ. ಉದ್ದ ತೋಳು. ತೋಳು ಮೈಗೆ ಕೂಡುವಲ್ಲಿ, ಕಂಕುಳ ಕೆಳಗೆ, ಅಂಗೈಯಗಲದ ಚೌಕ ತುಂಡೊಂದನ್ನು ಓರೆಯಾಗಿ ಸೇರಿಸಿ ಹೊಲಿದಿತ್ತು. ದೇವಪ್ಪ ಕೈ ಎಷ್ಟು ಎತ್ತಿದರೂ ಆ ತುಂಡು ಅರಳಿಕೊಳ್ಳುತ್ತಿತ್ತು, ಅಂಗಿಯ ಮೈ ಜಗ್ಗುತ್ತಿರಲಿಲ್ಲ.

"ಯಾರು ಹೊಲದಾರ?"

"ನಮ್ಮ ಮನ್ಯಾಕಿ. ಕೈ ಹೊಲಿಗಿ. ಅಂಗಡ್ಯಾಗ ಈಗ ಇಂಥಾವು ಯಾರೂ ಹೊಲಿಯೂದಿಲ್ರಿ. ಹುಡುಗರು ನಗ್ತಾವ."

ಗುರುಸಿದ್ದವ್ವ ದಂಡೆಯ ಮೇಲಿಂದಲೇ ಬಗ್ಗಿ ನೋಡುತ್ತಿದ್ದರು. ನಾನು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ಚೀಲದಲ್ಲಿದ್ದ ನೋಟುಪಟ್ಟಿಯ ಹಿಂಬದಿಗೆ ಅದರ ಚಿತ್ರ ಬರೆದುಕೊಂಡೆ. ಅಷ್ಟರಲ್ಲಿ ಬಸ್ಸು ಬಂದು ಹೋಗಿಬಿಟ್ಟಿತ್ತು. ಮುಂದಿನದಕ್ಕೆ ಎರಡು ತಾಸು. ಆ ಎರಡು ತಾಸೂ ಹೊಳಬಸಪ್ಪನವರು ರಸ್ತೆಯ ಅಂಚಿನಲ್ಲಿ ಹೋಗಿ ಬಂದು, ಹೋಗಿ ಬಂದು, ಧೂಳಿನಲ್ಲಿ ಒಂದು ಹಾದಿಯನ್ನೇ ಮಾಡಿದರು.

ಚಿತ್ರ ನೋಡಿ ಅಹ್ಮದಸಾಬರು ಕನ್ನಡಕ ಮೇಲೇರಿಸಿದರು. "ಇದು ನಮ್ಮ ಅಬ್ಬಾ ಹೊಲಿತಿದ್ರು. ನಾ ಚಿಕ್ಕಾಂವ ಇದ್ದಾಗ ಬಗಲಿನ ಚೌಕ ಕತ್ತರಿಸೂದು ನನ್ನ ಕೆಲಸ ಇತ್ತು." ಮೊದಲಿನ ಸಿಟ್ಟು ಇರಲಿಲ್ಲ. "ಬಟ್ಟಿ ತರ್ರಿ. ಮಿಲ್ಲಿನ ನುಣುಪು ಬಟ್ಟಿ ತರಬ್ಯಾಡ್ರಿ, ಅದಕ್ಕ ಈ ಹೊಲಿಗಿ ಕೂಡೂದಿಲ್ಲ."

ಬಟ್ಟೆಗೆಂದು ನಾವು ಮೂವರೂ ಬಾಗಲಕೋಟೆಗೆ ಹೋದದ್ದು ಏಪ್ರಿಲಿನ ಕೊನೆಯ ವಾರ. ಮದುವೆಗೆ ಹದಿನೈದು ದಿನ ಉಳಿದಿತ್ತು. ಪೇಟೆಯಲ್ಲಿ ಒಂದು ಅಂಗಡಿ ಹತ್ತುವುದು, ಬಟ್ಟೆಯ ಥಾನು ಬಿಚ್ಚಿಸುವುದು, ಅದರ ತುದಿ ಹಿಡಿದು ಬಾಗಿಲ ಹೊರಗೆ ಬಿಸಿಲಿಗೆ ಬಂದು ಕಿಲ್ಟಿನ ಪಕ್ಕ ಇಟ್ಟು ನೋಡುವುದು, ತಲೆ ಅಲ್ಲಾಡಿಸಿ ಇಳಿಯುವುದು. ಕಿಲ್ಟನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದರು. ಒಂದು ತೀರ ಬಿಳಿ, ಒಂದು ಹಳದಿ ಹೊಡೆಯುತ್ತದೆ, ಒಂದು ಪಾರದರ್ಶಕ. ನಾಲ್ಕನೆಯದು ಖಾದಿ ಅಂಗಡಿ. ಅಲ್ಲಿ ಎರಡು ಥಾನು ಒಪ್ಪಿಗೆಯಾದವು, ಒಂದು ಕೆನೆಯ ಬಣ್ಣದ್ದು, ಒಂದು ಗೋದಿ ಹಿಟ್ಟಿನ ಬಣ್ಣದ್ದು. ಇದೋ ಅದೋ ಎಂದು ಏಳು ಸಲ ಹೊರಗೆ ಹೋಗಿ ಬಂದರು. ನಾನು ಎಣಿಸಿದೆ.

ಗುರುಸಿದ್ದವ್ವ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಇಲ್ಲಿ ಬರ್ರಿ" ಎಂದು ಗಂಡನನ್ನು ಕರೆದರು. "ದಂಡಿನ್ಯಾಗ ನಿಮಗ ಅಂಗಿ ಯಾವುದು ಅಂತ ಯಾರು ಹೇಳತಿದ್ರು?"

"ಆರ್ಡರ ಬರ್ತಿತ್ತು."

"ಯಾರದು?"

"ಯಾರದರ ಇರ್ಲಿ. ಕಾಗದದ ಮ್ಯಾಲ ಬರ್ತಿತ್ತು, ಹಾಕ್ಕೊಂತಿದ್ವಿ."

"ಹಂಗಾರ ಈಗ ನಾ ಹೇಳ್ತೇನಿ. ಕೆನಿ ಬಣ್ಣದ್ದು. ಮೂರೂವರಿ ವಾರ ಬಟ್ಟಿ ಹರಸ್ರಿ. ಮತ್ತ ಬಿಸಲಿಗೆ ಹೋದ್ರ ನಾ ಒಬ್ಬಾಕಿನ ಬಸ್ಸಿಗೆ ಹೋಗ್ತೇನಿ."

ಅವರು ಹೆಂಡತಿಯ ಮುಖ ನೋಡಿದರು. ಒಳಗೆ ಹೋಗಿ ಕೆನೆಯ ಬಣ್ಣದ್ದನ್ನು ಹರಿಸಿಕೊಂಡು ಬಂದರು. ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ಆ ಪೊಟ್ಟಣದ ತುದಿ ಬಿಚ್ಚಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಗುರುಸಿದ್ದವ್ವ ಆ ಕಡೆ ನೋಡಲಿಲ್ಲ.

ಮದುವೆಯ ದಿನ ಕಿಲ್ಟಿನ ಮೇಲೆ ದೋತರ ಸುತ್ತಿಕೊಂಡು ಇಳಕಲ್ಲಿಗೆ ಹೋದರು. ಗುರುಸಿದ್ದವ್ವನೂ ನಾನೂ ಜೊತೆಗಿದ್ದೆವು. ಅಗಸಿಯ ಹತ್ತಿರ ಗೆಳೆಯರೊಬ್ಬರ ಅಂಗಡಿಯಲ್ಲಿ ದೋತರ ಬಿಚ್ಚಿಟ್ಟು, ಹೊಸ ಅಂಗಿಯ ಕೊರಳದಾರ ಬಿಗಿದು, ಪೈಪು ಹೆಗಲಿಗೇರಿಸಿ ಹೊರಗೆ ಬಂದಾಗ ಹತ್ತೂವರೆ. ಅಂಗಿ ಮೈಗೆ ಹತ್ತದೆ, ಇಳಿಬೀಳದೆ, ಸೊಂಟದಲ್ಲಿ ಸಪಾಟಾಗಿ ಕೂತಿತ್ತು. ಬಿಸಿಲಿನಲ್ಲಿ ಅದು ಹೊಳೆಯಲಿಲ್ಲ. ಚೌಕಡಿಯ ಹಸಿರು ಎದ್ದು ಕಾಣುತ್ತಿತ್ತು. ಅಲ್ಲಿ ಕೂಡಿದ್ದವರು ಮಾತ್ರ ಅಂಗಿ ನೋಡಲಿಲ್ಲ, ಮೊಣಕಾಲು ನೋಡಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. "ಹುಡುಗ್ಯಾರ ಪರಕಾರ ಉಟ್ಟಾನಲೇ" ಎಂದು ಯಾರೋ ಹಿಂದಿನಿಂದ ಅಂದರು.

ಬೀಗರ ಬಸ್ಸು ಹನ್ನೊಂದಕ್ಕೆ ಬರಬೇಕಾದದ್ದು ಬರಲಿಲ್ಲ. ಹಾದಿಯಲ್ಲಿ ಗಾಲಿ ಪಂಕ್ಚರ್ ಆಗಿತ್ತಂತೆ. ಎಲ್ಲರೂ ನೆರಳು ಹುಡುಕಿ ಕುಳಿತರು. ಹೊಳಬಸಪ್ಪನವರೊಬ್ಬರೇ ಅಗಸಿಯಿಂದ ಬಾವಿಕಟ್ಟೆಯವರೆಗೆ, ಬಾವಿಕಟ್ಟೆಯಿಂದ ಅಗಸಿಯವರೆಗೆ, ಒಂದೂವರೆ ತಾಸು ನಡೆದರು. ಗುರುಸಿದ್ದವ್ವ ಎರಡು ಸಲ ನೀರು ಕೊಟ್ಟುಬಂದರು. ಇವರನ್ನು ಈ ಬಿಸಿಲಿನಲ್ಲಿ, ಈ ನಗುವಿನ ನಡುವೆ ತಂದು ನಿಲ್ಲಿಸಿದ್ದರಲ್ಲಿ ನನ್ನದೂ ಕೈಯಿದೆಯಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಕೊನೆಗೂ ಬಸ್ಸು ಬಂತು. ಮೊದಲು ಇಳಿದವರು ವರನ ಚಿಕ್ಕಪ್ಪ ಶಂಕ್ರಪ್ಪನವರು. ಬಿಸಿಲಿಗೂ ಪಂಕ್ಚರಿಗೂ ಅವರ ತಲೆ ಮೊದಲೇ ಕಾದಿತ್ತು.

"ಇದೇನ್ರಿ ಅಂದಪ್ಪನವರ? ಗಂಡಸಿಗೆ ಪರಕಾರ ಉಡಿಸಿ ನಮ್ಮ ಮುಂದ ನಡಸ್ತೀರೇನು? ನಾವು ಹೆಣ್ಣು ನೋಡಾಕ ಬಂದಾಗ ಇಂಥಾ ಚ್ಯಾಷ್ಟಿ ಇದ್ದಿಲ್ಲ."

ಅಂದಪ್ಪನವರ ಮುಖ ಸಣ್ಣದಾಯಿತು. ಹೊಳಬಸಪ್ಪನವರನ್ನು ಬದಿಗೆ ಕರೆದರು. "ನಿಮ್ಮ ದೋತರ ಉಟ್ಕೊಂಡ ಬರ್ರಲಾ. ಒಂದ ಓಣಿ ಮಾತು."

ಹೊಳಬಸಪ್ಪನವರು ಹೇಳಿದರು: "ಸಾವುಕಾರ, ಈ ಪೋಷಾಕು ನೀವು ಕೇಳಿದ್ದು. ಅಂಗಿ ಅಷ್ಟ ನನಗ ಬಿಟ್ಟಿದ್ರಿ. ಅದನ್ನ ನಾ ಮೂರು ತಿಂಗಳು ಕಷ್ಟಪಟ್ಟು ಸರಿ ಮಾಡ್ಕೊಂಡ ಬಂದೇನಿ. ಕಿಲ್ಟು ನಮ್ಮ ಉಸ್ತಾದರದು, ಓಣಿಯಾಗ ನಿಂತು ನಾ ಅದನ್ನ ಬಿಚ್ಚೂದಿಲ್ಲ. ನಿಮಗ ಬ್ಯಾಡಾದ್ರ ಹೋಗ್ತೇನಿ, ಸಿಟ್ಟಿಲ್ಲ." ಹೇಳುತ್ತಲೇ ಕೊಳವೆಗಳನ್ನು ಕಳಚಿ ಪೆಟ್ಟಿಗೆಗೆ ಇಡತೊಡಗಿದರು.

ಅಷ್ಟು ಹೊತ್ತಿಗೆ ಬಸ್ಸಿನಿಂದ ವರನ ಅಜ್ಜಿ ಶಿವಲಿಂಗವ್ವನನ್ನು ಇಬ್ಬರು ಹೆಂಗಸರು ಕೈ ಹಿಡಿದು ಇಳಿಸಿದ್ದರು. ಎಂಬತ್ತರ ಮುದುಕಿ, ದೃಷ್ಟಿ ಮಂದ. ಎಲ್ಲರೂ ಯಾಕೆ ನಿಂತಿದ್ದಾರೆಂದು ತಿಳಿಯದೆ ನಡೆದುಬಂದು ಹೊಳಬಸಪ್ಪನವರಿಗೇ ಎದುರಾದಳು. ಅವಳ ಕಣ್ಣಿಗೆ ಎಷ್ಟು ಕಂಡಿತೋ, ಕೈ ಚಾಚಿ ತೋಳಿನ ಬಟ್ಟೆ ಮುಟ್ಟಿದಳು. ಬೆರಳಿನಿಂದ ಕೊರಳದಾರದವರೆಗೆ ತಡವಿದಳು.

"ಈ ಅಂಗಿ ಯಾರ ಹೊಲದಾರೋ ತಮ್ಮಾ?"

"ಹುನಗುಂದದ ಅಹ್ಮದಸಾಬ ಅಂತಬೇ, ದರ್ಜಿ."

"ಬಗಲಾಗ ಚೌಕ ಇಟ್ಟಾನನು?"

ಹೊಳಬಸಪ್ಪನವರು ಕೈ ಎತ್ತಿದರು. ಮುದುಕಿ ಕಂಕುಳ ಕೆಳಗೆ ಬೆರಳಾಡಿಸಿ ಆ ತುಂಡನ್ನು ಹುಡುಕಿದಳು. "ಇಟ್ಟಾನ. ಓರಿ ಇಟ್ಟಾನ, ಹಂಗ ಇಡಬೇಕು. ನಮ್ಮ ಮಾವ ಇಂಥಾ ಅಂಗಿ ಬಿಟ್ಟು ಬ್ಯಾರೆ ತೊಟ್ಟಾಂವಲ್ಲ. ನಾ ಮದಿವ್ಯಾಗಿ ಬಂದ ವರ್ಷ ಅವಗ ನಾಕು ಹೊಲದೇನಿ." ಆಮೇಲೆ ಮಗನ ಕಡೆ ತಿರುಗಿದಳು. "ಶಂಕ್ರ್ಯಾ, ಯಾಕ ನಿಂದ್ರಿಸೀರಿ?"

"ಯವ್ವಾ, ಅವನು ಕೆಳಗ ಉಟ್ಟಿದ್ದು ನೋಡಿಲ್ಲ ನೀನು."

"ನನಗ ಕೆಳಗ ಕಾಣಸೂದಿಲ್ಲ. ಮ್ಯಾಲ ನಮ್ಮಾಂವ ಅದಾನ. ನಡೀರಿ, ನನ್ನ ಕಾಲು ಸುಡಾಕ ಹತ್ಯಾವ."

ಯಾರೋ ನಕ್ಕರು. ಈ ಸಲದ ನಗು ಬೇರೆಯಾಗಿತ್ತು. ಶಂಕ್ರಪ್ಪನವರು ರುಮಾಲು ಸರಿಪಡಿಸಿಕೊಂಡು ಬದಿಗೆ ಸರಿದರು. ಅಂದಪ್ಪನವರು ಪೆಟ್ಟಿಗೆಯ ಮುಚ್ಚಳವನ್ನು ತಾವೇ ತೆರೆದು ಹಿಡಿದರು.

ಮೆರವಣಿಗೆ ಹೊರಟಿತು. ಆ ಸುಣ್ಣದ ಗೋಡೆಗಳ ನಡುವೆ ಪೈಪಿನ ದನಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ಮಗ್ಗಗಳ ಸದ್ದು ಒಂದೊಂದಾಗಿ ನಿಂತು ನೇಕಾರರು ಬಾಗಿಲಿಗೆ ಬಂದರು. ಎಲ್ಲವೂ ಸರಾಗವಾಗಿ ಆಯಿತೆಂದು ಹೇಳಲಾರೆ. ಅರ್ಧ ಓಣಿಯಲ್ಲಿ ಒಂದು ಕೊಳವೆಯ ಪೀಪಿ ಸಡಿಲಾಗಿ ದನಿ ಒಡೆಯಿತು. ಅವರು ಅಲ್ಲೇ ನಿಂತು, ಹಲ್ಲಿನಿಂದ ದಾರ ಕಡಿದು, ಸುತ್ತಿ, ಮತ್ತೆ ಊದಿದರು. ಬೀಗರು ಕಾದರು. ಮನೆ ಮುಟ್ಟುವ ಹೊತ್ತಿಗೆ ಅಂಗಿ ಬೆವರಿಗೆ ಪೂರ್ತಿ ತೋಯ್ದಿತ್ತು. ಎಡಗೈ ಮಾತ್ರ ಸಲೀಸಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

ಊಟಕ್ಕೆ ಕೂತಾಗ ಅವರ ಎಲೆ ಖಾಲಿ. ಹುಡುಕಿದರೆ ಹಿತ್ತಲಲ್ಲಿ ಅಡ್ಡಾಡುತ್ತಿದ್ದರು. "ಈಗರೆ ಸಮಾಧಾನ ಆತೇನ್ರಿ?" ಎಂದೆ.

"ತೋಳು ಚಲೋ ಆತ್ರಿ. ಕೊರಳು ಹಿಡೀತೈತಿ. ಅರ್ಧಾ ಇಂಚು ಇಳಿಸಬೇಕು."

ಅಲ್ಲಿಂದ ಅವರಿಗೆ ಕರೆ ಬರತೊಡಗಿತು. ಅಮೀನಗಡ, ಗುಳೇದಗುಡ್ಡ, ಒಮ್ಮೆ ಬಾದಾಮಿ. ಪ್ರತಿ ವರ್ಷ ಹೊಸ ಅಂಗಿ ಬೇಕೇಬೇಕು. ಒಂದರಲ್ಲಿ ಕೊರಳು ಇಳಿದರೆ ಇನ್ನೊಂದರಲ್ಲಿ ಸೀಳು ಉದ್ದ, ಯಾವುದೂ ಕೊನೆಯದಾಗಲಿಲ್ಲ. ೧೯೮೧ರಲ್ಲಿ ಅಹ್ಮದಸಾಬರಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಏರದಂತಾಯಿತು. ಆಗ ಗುರುಸಿದ್ದವ್ವ ಅವರ ಹಳೆಯ ಮಶೀನನ್ನು ಮನೆಗೆ ತರಿಸಿದರು. ಕತ್ತರಿಸುವುದನ್ನು ಅಹ್ಮದಸಾಬರೇ ಪಡಸಾಲೆಯಲ್ಲಿ ಕುಳಿತು, ಬೆರಳಳತೆಯಲ್ಲಿ, ಬಾಯಿಮಾತಿನಲ್ಲಿ ಕಲಿಸಿದರು. ಮಶೀನು ತುಳಿಯುವುದನ್ನು ನಾನು ಕಲಿಸಿದೆ. ಮೊದಮೊದಲು ಗಂಡನಿಗಷ್ಟೇ ಹೊಲಿಯುತ್ತಿದ್ದವರು ಆಮೇಲೆ ಓಣಿಯ ಮುದುಕರಿಗೆ, ಗಾಡಿ ಹೊಡೆಯುವವರಿಗೆ, ಹಮಾಲರಿಗೆ ಹೊಲಿದುಕೊಡತೊಡಗಿದರು.

೧೯೮೩ರಲ್ಲಿ ನನಗೆ ಬಾಗಲಕೋಟೆಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕರು. ಕಲಾದಗಿಯಲ್ಲಿ ಒಂದು ಮದುವೆಗೆ ಊದಲು ಹೊರಟಿದ್ದರು. ಹೊಳಬಸಪ್ಪನವರ ಕೂದಲು ಬೆಳ್ಳಗಾಗಿತ್ತು. ದೋತರ ಸುತ್ತಿಕೊಳ್ಳುವುದನ್ನು ಬಿಟ್ಟಿದ್ದರು, ಕಿಲ್ಟಿನಲ್ಲೇ ಇದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ ಎನ್ನಲಾರೆ, ನೋಡಿದರೆ ನೋಡಲಿ ಎಂಬಂತೆ ಇದ್ದರು.

ಕಲಾದಗಿಯ ಕಡೆಯ ಒಬ್ಬ ಮುದುಕ ಅವರ ಅಂಗಿಯನ್ನೇ ನೋಡುತ್ತ ಬಂದು, ಎಲ್ಲಿ ಹೊಲಿಸಿದ್ದೆಂದು ಕೇಳಿದ. ಹೊಳಬಸಪ್ಪನವರು ಹೆಂಡತಿಯ ಕಡೆ ಕೈ ತೋರಿಸಿದರು. ಗುರುಸಿದ್ದವ್ವ ಸಂಚಿಯಿಂದ ಅಳತೆಪಟ್ಟಿ ತೆಗೆದು, ಅಲ್ಲೇ, ಅಷ್ಟು ಜನರ ನಡುವೆ, ಮುದುಕನ ಎದೆಗೆ ಸುತ್ತಿದರು. ನನಗೆ, "ಬರಕೋರ್ರಿ ಬಾಯಾರ" ಎಂದರು. ನಾನು ಚೀಲದಿಂದ ಪೆನ್ನು ತೆಗೆದೆ.

ಬಸ್ಸು ಬಂದು ನಿಂತಿತು. ಜನ ಏರಿದರು. ಕಂಡಕ್ಟರ್ ಸೀಟಿ ಹೊಡೆದ. ಹೊಳಬಸಪ್ಪನವರು ಪೆಟ್ಟಿಗೆ ಹಿಡಿದು ಬಾಗಿಲಿಗೆ ಹೋದರು, ಹಿಂದಕ್ಕೆ ಬಂದರು, ಮತ್ತೆ ಹೋದರು.

"ಬಸ್ಸು ಬಿಡಾಕ ಹತ್ಯಾನ, ಬಾ."

"ಒಂದು ತೋಳು ಉಳದೈತಿ" ಎಂದರು ಗುರುಸಿದ್ದವ್ವ, ತಲೆ ಎತ್ತದೆ. "ನಿಂದರಸ್ರಿ ಅವಗ."

ಹೊಳಬಸಪ್ಪನವರು ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಕಂಡಕ್ಟರನ ಜೊತೆ ವಾದಿಸುತ್ತ ನಿಂತರು. ಗುರುಸಿದ್ದವ್ವ ಮುದುಕನ ತೋಳನ್ನು ಹೆಗಲಿನಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಅಳೆದು, "ಇಪ್ಪತ್ತೆರಡೂವರಿ" ಎಂದರು. ನಾನು ಬರೆದುಕೊಂಡೆ.